ಮನೆಯಲ್ಲಿ ಒಬ್ಬರಿಗೆ ಫ್ಲೂ ಬಂದಾಗ

ಮಳೆಗಾಲ ಹಿಡಿಯಿತು ಅಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಮೊದಲು ಮುಚ್ಚುವುದು ಕಿಟಕಿ. ಎರಚಲು ಬರುತ್ತದೆ, ಥಂಡಿ ಬೇರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಒಬ್ಬರಿಗೆ ಜ್ವರ, ಕೆಮ್ಮು ಬಂದರೆ ವಾರದೊಳಗೆ ಮನೆಮಂದಿಯೆಲ್ಲ ಹಾಸಿಗೆ ಹಿಡಿಯುತ್ತಿದ್ದೆವು. ಎಲ್ಲಾ ಥಂಡಿಯಿಂದಲೇ ಅಂದುಕೊಂಡಿದ್ದೆ. ವೈರಸ್ ಇಲ್ಲದೆ ಬರೀ ಥಂಡಿಗೆ ಫ್ಲೂ ಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೆವು. 2020ರಲ್ಲಿ ಕೋವಿಡ್ ಬಂದ ಮೇಲೇ ನನಗಿದು ಸರಿಯಾಗಿ ತಿಳಿದದ್ದು.

ಹಾಗಾಗಿ ಈಗ ಎರಚಲು ಬಡಿಯದ ಕಡೆಯ ಕಿಟಕಿಯನ್ನು ನಾಲ್ಕು ಬೆರಳಾದರೂ ತೆರೆದಿಡುತ್ತೇನೆ. ಎದುರು ಬದುರು ಎರಡು ತೆರೆದರೆ ಇನ್ನೂ ಒಳ್ಳೆಯದು. ಚಳಿಯಾದರೆ ಇನ್ನೊಂದು ಕಂಬಳಿ ಹೊದ್ದರಾಯಿತು.

ಫ್ಲೂ ಬಂದವರು ಜ್ವರ ಶುರುವಾಗುವ ಹಿಂದಿನ ದಿನದಿಂದಲೇ ಬೇರೆಯವರಿಗೆ ಹರಡಬಲ್ಲರು. ಆಮೇಲೂ ಐದರಿಂದ ಏಳು ದಿನ ಹರಡುತ್ತದೆ, ಮಕ್ಕಳಲ್ಲಿ ಇನ್ನೂ ಜಾಸ್ತಿ. ನಿನ್ನೆ ಒಟ್ಟಿಗೆ ಊಟ ಮಾಡಿದ್ದಾಯಿತಲ್ಲ, ಇನ್ನೇನು ಅಂತ ಕೈ ಬಿಡಬೇಡಿ. ಕಾಯಿಲೆಯವರಿಗೆ ಒಂದು ಕೋಣೆ ಕೊಡಿ. ಕೋಣೆ ಇಲ್ಲದಿದ್ದರೆ ಕಿಟಕಿ ಪಕ್ಕ ಹಾಸಿಗೆ ಹಾಕಿ. ಆರೈಕೆ ಒಬ್ಬರೇ ಮಾಡಲಿ. ಅದು ಅಜ್ಜಿಯೋ ಬಸುರಿಯೋ ಆಗುವುದು ಬೇಡ. ಹತ್ತಿರ ಹೋಗುವಾಗ ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ. ಸೊಸೆ ಹೀಗೆ ಮಾಡಿದ್ದರಿಂದ ಹೋದ ವರ್ಷ ನನಗೆ ಜ್ವರ ತಗುಲಲಿಲ್ಲ.

ತಟ್ಟೆ, ಲೋಟ ಎಂದಿನ ಹಾಗೆ ಸೋಪು ಹಾಕಿ ತಿಕ್ಕಿದರೆ ಸಾಕು. ಟವೆಲ್ ಮಾತ್ರ ಬೇರೆ ಇರಲಿ. ಈ ವೈರಸ್ ಮೇಲೆ ಜಿಡ್ಡಿನ ಪದರ ಇರುತ್ತದೆ. ಒಗ್ಗರಣೆ ಸೌಟಿನ ಜಿಡ್ಡು ಬರೀ ನೀರಿಗೆ ಹೋಗುತ್ತದೆಯೇ? ಕೈಗೂ ಸೋಪು ಬೇಕು, 20 ಸೆಕೆಂಡಾದರೂ ಉಜ್ಜಬೇಕು, ಬೆರಳ ಸಂದಿ ಬಿಡದೆ.

ಮೆಣಸು, ಜೀರಿಗೆಯ ಕಷಾಯ ನಾನೂ ಮಾಡಿಕೊಡುತ್ತೇನೆ. ಗಂಟಲಿಗೆ ಹಿತ, ಮೈಗೆ ನೀರೂ ಹೋಗುತ್ತದೆ. ಆದರೆ ಅದು ವೈರಸ್ ಕೊಲ್ಲುವುದಿಲ್ಲ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಕುದಿಯುವ ನೀರಿನ ಪಾತ್ರೆ ಇಟ್ಟು ಮಕ್ಕಳಿಗೆ ಹಬೆ ಕೊಡುವುದೂ ಬೇಡ. ನಮ್ಮ ಮೊಮ್ಮಗ ಪಾತ್ರೆಗೆ ಕಾಲು ತಾಗಿಸಿ ತೊಡೆ ಸುಟ್ಟುಕೊಂಡಿದ್ದ. ಆ ಗುರುತು ನೋಡಿದಾಗೆಲ್ಲ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಹಿಂದೆ ತಂದು ಉಳಿದ ಆಂಟಿಬಯೋಟಿಕ್ ಮಾತ್ರೆ ನುಂಗಬೇಡಿ, ವೈರಸ್ ಮೇಲೆ ಅದು ನಡೆಯುವುದಿಲ್ಲ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು.

ಉಸಿರಾಡಲು ಕಷ್ಟವಾದರೆ, ಮಗುವಿನ ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಇಳಿದ ಜ್ವರ ಮತ್ತೆ ಏರಿದರೂ ತೋರಿಸಬೇಕು. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ, ದಮ್ಮು ಇರುವವರು ಮೊದಲ ದಿನವೇ ಡಾಕ್ಟರನ್ನು ಕಾಣುವುದು ಒಳ್ಳೆಯದು. ಫ್ಲೂಗೆ ಔಷಧಿ ಇದೆ, ಎರಡು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಫ್ಲೂ ಲಸಿಕೆ ಒಂದು ಸಲ ಹಾಕಿಸಿದರೆ ಮುಗಿಯಲಿಲ್ಲ. ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ವರ್ಷವರ್ಷವೂ ಹಾಕಿಸಬೇಕು. ಅದು ಮೈಗೆ ಹತ್ತಲು ಎರಡು ವಾರ ಬೇಕು. ಅದಕ್ಕೇ ನಾನು ಮೇ ತಿಂಗಳಲ್ಲಿ, ಹಪ್ಪಳ ಒಣಗಿಸುವ ಹೊತ್ತಿಗೇ ಹೋಗಿ ಹಾಕಿಸಿಕೊಂಡು ಬರುತ್ತೇನೆ.