ಎಸ್‌ಎಸ್‌ಡಿ ಕೊಳ್ಳುವ ಮೊದಲು ಲೇಬಲ್ ಓದುವುದು ಹೇಗೆ?

ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಹಾಕಲು ಹೊರಟವರು ಎಡವುವ ಜಾಗ ಹೆಚ್ಚಾಗಿ ಒಂದೇ. ಆಕಾರ, ದಾರಿ, ಭಾಷೆ ಮೂರನ್ನೂ ಒಂದೇ ಎಂದುಕೊಂಡುಬಿಡುತ್ತಾರೆ. ‘ಎಂ.2’ ಎಂಬುದು ಬರೀ ಆಕಾರದ ಹೆಸರು. ‘ಸಾಟಾ’, ‘ಪಿಸಿಐಇ’ ಎಂಬವು ಡೇಟಾ ಸಾಗುವ ದಾರಿಗಳು. ‘ಎನ್‌ವಿಎಂಇ’ ಎಂದರೆ ಪಿಸಿಐಇ ದಾರಿಯಲ್ಲಿ ಡ್ರೈವ್ ಮತ್ತು ಕಂಪ್ಯೂಟರ್ ಆಡುವ ಭಾಷೆ. ಎಂ.2 ಡ್ರೈವ್ ಸಾಟಾದ್ದೂ ಆಗಿರಬಹುದು, ಎನ್‌ವಿಎಂಇಯದ್ದೂ ಆಗಿರಬಹುದು. ನೋಡಲು ಅವಳಿ-ಜವಳಿ, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಡೆದೇ ನಡೆಯುತ್ತದೆ ಎನ್ನುವಂತಿಲ್ಲ.

ಮೊದಲು ಯಂತ್ರದಲ್ಲಿ ಏನಿದೆ ನೋಡಿ

ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆ ಹಿಡಿದು ಅದರ ಸರ್ವಿಸ್ ಮ್ಯಾನುಯಲ್ ತೆರೆಯಿರಿ. 2.5 ಇಂಚಿನ ಹಾರ್ಡ್ ಡಿಸ್ಕ್ ಇದ್ದರೆ ಕೆಲಸ ಸುಲಭ: ಡೇಟಾಗೆ 7 ಪಿನ್, ವಿದ್ಯುತ್ತಿಗೆ 15 ಪಿನ್ ಇರುವ ಅದೇ ಸಾಟಾ ಕನೆಕ್ಟರ್‌ಗೆ 2.5 ಇಂಚಿನ ಎಸ್‌ಎಸ್‌ಡಿ ಕೂರುತ್ತದೆ. ದಪ್ಪವನ್ನು ಮಾತ್ರ ಗಮನಿಸಿ. ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿ.ಮೀ. ಇರುತ್ತದೆ; ಹಳೆಯ ಡಿಸ್ಕ್ 9.5 ಮಿ.ಮೀ. ಇದ್ದರೆ ಹೊಸದು ಅಲ್ಲಾಡದಂತೆ ಪ್ಲಾಸ್ಟಿಕ್ ಚೌಕಟ್ಟು ಹಾಕಬೇಕು.

ಎಂ.2 ಸ್ಲಾಟ್ ಇದ್ದರೆ ಉದ್ದ ನೋಡಿ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. 2242, 2230ರ ಲೆಕ್ಕವೂ ಹೀಗೆಯೇ. ಡ್ರೈವ್‌ನ ಪಿನ್ ಸಾಲಿನಲ್ಲಿ ಒಂದೇ ಕಚ್ಚು ಇದ್ದರೆ ಎನ್‌ವಿಎಂಇ, ಎರಡಿದ್ದರೆ ಸಾಟಾ ಎಂಬ ಮಾತಿದೆ. ಬಹುಪಾಲು ನಿಜ, ಆದರೆ ಎರಡು ಕಚ್ಚಿನ ಎನ್‌ವಿಎಂಇ ಡ್ರೈವ್‌ಗಳೂ ಇವೆ. ಹಾಗಾಗಿ ಕಚ್ಚನ್ನಲ್ಲ, ಲೇಬಲ್ ನಂಬಿ. ಸ್ಲಾಟ್‌ಗೆ ಸಾಟಾ ದಾರಿ ಇಲ್ಲದಿದ್ದರೆ ಸಾಟಾ ಡ್ರೈವ್ ಸರಿಯಾಗಿ ಕೂತರೂ ಕಂಪ್ಯೂಟರ್‌ಗೆ ಕಾಣುವುದೇ ಇಲ್ಲ.

ಅಂಕಿಗಳ ಅರ್ಥ

1 ಟಿಬಿ ಡ್ರೈವ್ ಹಾಕಿದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಮೋಸವೇನಿಲ್ಲ. ತಯಾರಕರು 1 ಲಕ್ಷ ಕೋಟಿ ಬೈಟನ್ನು 1 ಟಿಬಿ ಎನ್ನುತ್ತಾರೆ. ವಿಂಡೋಸ್ 1,000ದ ಬದಲು 1,024ರಿಂದ ಭಾಗಿಸುತ್ತ ಹೋಗುತ್ತದೆ. 500 ಜಿಬಿ ಇದೇ ಲೆಕ್ಕದಲ್ಲಿ 465 ಆಗುತ್ತದೆ.

ವೇಗದಲ್ಲಿ ಬಿಟ್, ಬೈಟ್ ಬೆರೆಸಬೇಡಿ. ಸಾಟಾದ ‘6 ಜಿಬಿ’ ಎಂದರೆ ಸೆಕೆಂಡಿಗೆ 6 ಗಿಗಾಬಿಟ್. ಸಾಟಾದಲ್ಲಿ 8 ಬಿಟ್‌ನ ಒಂದು ಬೈಟ್ ಸಾಗಿಸಲು 10 ಬಿಟ್ ಬೇಕು, ಆದ್ದರಿಂದ ಮೇಲ್ಮಿತಿ ಸೆಕೆಂಡಿಗೆ 600 ಮೆಗಾಬೈಟ್; ಕೈಗೆ ಸಿಗುವುದು ಸುಮಾರು 550. ನಾಲ್ಕು ಲೇನ್‌ನ (ಅಕ್ಕಪಕ್ಕದ ಡೇಟಾ ಸಾಲುಗಳ) ಪಿಸಿಐಇ 3.0 ಎನ್‌ವಿಎಂಇ ಡ್ರೈವ್ ಸುಮಾರು 3,500ರವರೆಗೆ ಓದುತ್ತದೆ. ಇವೆಲ್ಲ ದೊಡ್ಡ ಫೈಲನ್ನು ಒಂದೇ ಸಮ ಓದುವಾಗಿನ ಅಂಕಿ. ದಿನನಿತ್ಯದ ನಿಧಾನಕ್ಕೆ ಕಾರಣ ಬೇರೆ. 7,200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ತುಣುಕು ಹೆಡ್‌ನ (ಡೇಟಾ ಓದುವ ಮೊನೆಯ) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಸರಿಯುವ ಹೊತ್ತು ಬೇರೆ. ವಿಂಡೋಸ್ ಏಳುವಾಗ ಇಂಥ ಸಾವಿರಾರು ಸಣ್ಣ ಓದುಗಳು ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಹಾಗಾಗಿ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಬದಲಾವಣೆ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಅಷ್ಟಾಗಿ ಕಾಣದು.

ಟಿಎಲ್‌ಸಿ ಎಂದರೆ ಎಸ್‌ಎಸ್‌ಡಿ ಚಿಪ್‌ನ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿ ಎಂದರೆ 4. ಬಿಟ್ ಹೆಚ್ಚಿದಷ್ಟೂ ಅಗ್ಗ, ಬರೆಯುವುದು ನಿಧಾನ, ಸವೆತ ಬೇಗ. ಕ್ಯೂಎಲ್‌ಸಿ ಡ್ರೈವ್‌ಗೆ ನೂರಾರು ಜಿಬಿ ಒಟ್ಟಿಗೆ ಕಾಪಿ ಮಾಡಿದರೆ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿ ವೇಗ ಧೊಪ್ಪನೆ ಬೀಳುತ್ತದೆ. ‘ಟಿಬಿಡಬ್ಲ್ಯೂ’ ಎಂಬುದು ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ವಾರಂಟಿ ಇರುತ್ತದೆ ಎಂಬ ಲೆಕ್ಕ.

ಕೂರಿಸುವುದು

ಬ್ಯಾಕಪ್ ಮಾಡಿ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಮುಚ್ಚಳ ಬಿಚ್ಚಿದೊಡನೆ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ. ಎಂ.2 ಡ್ರೈವನ್ನು ಸುಮಾರು 30 ಡಿಗ್ರಿ ಓರೆಯಾಗಿ ಒಳತಳ್ಳಿ, ಮೆಲ್ಲಗೆ ಕೆಳಗೊತ್ತಿ ಸ್ಕ್ರೂ ಹಾಕಿ. ಸ್ಕ್ರೂ ಹಾಕುವ ಮೊದಲು ತಾನಾಗಿ ಮೇಲೆದ್ದು ನಿಂತರೆ ಅದು ಸರಿಯೇ, ಕೆಟ್ಟಿಲ್ಲ. ಡ್ರೈವ್ ಜೊತೆ ಈ ಸ್ಕ್ರೂ ಬರದಿರುವುದೇ ಹೆಚ್ಚು, ಇರುವುದನ್ನು ಕಳೆದುಕೊಳ್ಳಬೇಡಿ.

ಹೊಸ ಡ್ರೈವನ್ನು ಎರಡನೆಯದಾಗಿ ಹಾಕಿದ್ದರೆ ಅದು ಮೊದಲಿಗೆ ‘ದಿಸ್ ಪಿಸಿ’ಯಲ್ಲಿ ಕಾಣುವುದಿಲ್ಲ. ಗಾಬರಿ ಬೇಡ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು, ಗಾತ್ರ ನೋಡಿ ಇದೇ ಹೊಸದೆಂದು ಖಚಿತಪಡಿಸಿಕೊಂಡು, ‘ಇನಿಷಿಯಲೈಸ್’ ಒತ್ತಿ. ಡಿಸ್ಕ್‌ನ ಭಾಗಗಳ ಪಟ್ಟಿ ಇಡುವ ಎರಡು ಬಗೆಗಳಲ್ಲಿ ಜಿಪಿಟಿ ಆರಿಸಿ, ಇನ್ನೊಂದಾದ ಎಂಬಿಆರ್ ಸಾಮಾನ್ಯವಾಗಿ 2 ಟಿಬಿಗಿಂತ ಆಚೆಯ ಜಾಗ ಬಳಸಲಾರದು. ಆಮೇಲೆ ‘ನ್ಯೂ ಸಿಂಪಲ್ ವಾಲ್ಯೂಮ್’. ಇಲ್ಲಿಯೂ ಕಾಣದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್‌ನಲ್ಲಿ) ನೋಡಿ. ಅಲ್ಲೂ ಇಲ್ಲವೆಂದರೆ ಡ್ರೈವ್ ಪೂರ್ತಿ ಒಳಗೆ ಕೂತಿಲ್ಲ, ಇಲ್ಲವೇ ಸ್ಲಾಟ್‌ಗೆ ಆ ಬಗೆ ಒಗ್ಗುವುದಿಲ್ಲ.

ತೆಗೆದ 2.5 ಇಂಚಿನ ಡಿಸ್ಕ್ ಎಸೆಯಬೇಡಿ. ಯುಎಸ್‌ಬಿ ಎನ್‌ಕ್ಲೋಷರ್‌ಗೆ (ಡಿಸ್ಕನ್ನು ಹೊರಗಿಟ್ಟು ಬಳಸುವ ಪೆಟ್ಟಿಗೆಗೆ) ಹಾಕಿದರೆ 5 ವೋಲ್ಟ್‌ನಲ್ಲೇ ಓಡುತ್ತದೆ, ಡೆಸ್ಕ್‌ಟಾಪ್‌ನ 3.5 ಇಂಚಿನದಾದರೆ 12 ವೋಲ್ಟ್ ಅಡಾಪ್ಟರ್ ಬೇರೆ ಬೇಕು. ತೆಗೆದದ್ದು ಎಂ.2 ಆಗಿದ್ದರೆ ಎನ್‌ಕ್ಲೋಷರ್‌ನ ಲೇಬಲ್ಲನ್ನೂ ಓದಿಯೇ ಕೊಳ್ಳಿ, ಅದರಲ್ಲೂ ಸಾಮಾನ್ಯವಾಗಿ ಸಾಟಾ, ಎನ್‌ವಿಎಂಇ ಬೇರೆಬೇರೆ.