ಗೃಹಪ್ರವೇಶಕ್ಕೆ ಉಡುಗೊರೆ ಆರಿಸುವುದು ಹೇಗೆ?

ಕಳೆದ ಶ್ರಾವಣದಲ್ಲಿ ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಚಿಕ್ಕಮ್ಮನ ಗೃಹಪ್ರವೇಶ. ಸಂಜೆ ಉಡುಗೊರೆ ಬಿಚ್ಚಲು ಕೂತರೆ ಐದು ಗೋಡೆ ಗಡಿಯಾರ, ಮೂರು ಗಾಜಿನ ಲೋಟದ ಸೆಟ್ಟು, ಲೆಕ್ಕವಿಲ್ಲದಷ್ಟು ಗಣಪತಿ. ಮುಕ್ಕಾಲು ಪಾಲು ಅಟ್ಟ ಸೇರಿತು. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟಿದ್ದರು, ನೋಡಿ ಸಂಕಟವಾಯಿತು.

ಮೊದಲು ಖರ್ಚೆಷ್ಟು ಎಂದು ಗಟ್ಟಿ ಮಾಡಿಕೊಳ್ಳಿ. ಅಷ್ಟೇನೂ ಹತ್ತಿರದವರಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಲಕೋಟೆಯಲ್ಲಿ 501 ರೂಪಾಯಿ ಮುಯ್ಯಿ ಮಾಡಿ. ಅದರಲ್ಲಿ ಸಣ್ಣತನವೇನಿಲ್ಲ, ಮನೆ ಕಟ್ಟಿ ಕೈ ಖಾಲಿಯಾದವರಿಗೆ ಅದೇ ಉಪಕಾರ.

ಎರಡನೆಯದು ಗಮನಿಸುವುದು. ಎಲ್ಲರೂ ಎಡವುವುದು ಇಲ್ಲೇ. "ಏನು ತರಲಿ?" ಎಂದರೆ ನಮ್ಮ ಕಡೆ ಒಂದೇ ಉತ್ತರ: "ಏನೂ ಬೇಡ, ನೀವು ಬಂದ್ರೆ ಸಾಕು." ಹಾಗಾಗಿ ಕೇಳಬೇಡಿ. ಎರಡು ಮೂರು ತಿಂಗಳು ಮುಂಚೆಯೇ ಅವರ ಹಳೆ ಮನೆಗೆ ಹೋಗಿ, ಹಾಲಿನಲ್ಲಿ ಕೂರದೆ ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿಯಿರಿ. ಯಾವ ಕುಕ್ಕರಿನ ಹಿಡಿಗೆ ಬಟ್ಟೆ ಸುತ್ತಿದ್ದಾರೆ, ದೇವರ ದೀಪ ಎಣ್ಣೆ ಸೋರುತ್ತಿದೆಯೇ, ನೋಡಿ. ಅದಕ್ಕಿಂತ ಮುಖ್ಯವಾಗಿ, ಯಾವುದನ್ನು ಬಿಟ್ಟು ಹೋಗಬೇಕಲ್ಲ ಎಂದು ಕೊರಗುತ್ತಿದ್ದಾರೆ, ಕೇಳಿಸಿಕೊಳ್ಳಿ. ನಮ್ಮ ಚಿಕ್ಕಮ್ಮ ಮಂಡ್ಯದ ಬಾಡಿಗೆ ಮನೆಯ ಕಾಂಪೌಂಡಿನ ಮಲ್ಲಿಗೆಯ ಮಾತನ್ನು ಒಂದೇ ಮಧ್ಯಾಹ್ನದಲ್ಲಿ ಮೂರು ಸಲ ಎತ್ತಿದರು. ಆ ಗಿಡದ್ದೇ ಕಡ್ಡಿ ತಂದು ಬೇರು ಬರಿಸಿದೆ.

ನೀವೂ ಮಾಡುವುದಾದರೆ ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ ಆರಿಸಿ, ಮೂರು ನಾಲ್ಕು ಗೆಣ್ಣಿರಲಿ. ಕೆಳಗಿನ ಗೆಣ್ಣಿನ ಬುಡಕ್ಕೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮುಳುಗುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಿ. ನೆರಳಿರಲಿ, ತೇವ ಆರಬಾರದು, ನೀರೂ ನಿಲ್ಲಬಾರದು. ಚಿಗುರು ಕಂಡ ಕೂಡಲೇ ಬೇರು ಬಂತೆಂದು ಎಳೆದು ನೋಡಬೇಡಿ, ಇನ್ನೊಂದಷ್ಟು ವಾರ ಬಿಡಿ. ಒಂದೇ ಕಡ್ಡಿ ನೆಚ್ಚಬೇಡಿ. ನಾನು ನೆಟ್ಟ ಆರರಲ್ಲಿ ಹಿಡಿದದ್ದು ಎರಡು.

ಅಂಗಡಿಯಿಂದ ಕೊಳ್ಳುವವರಿಗೆ ನನ್ನ ಮೊದಲ ಮಾತು: ಬೆಳ್ಳಿ ಲೇಪದ ವಿಗ್ರಹ ಬೇಡವೇ ಬೇಡ. ಕಪ್ಪಾಗುತ್ತದೆ, ಉಜ್ಜಿದರೆ ಲೇಪವೇ ಹೋಗುತ್ತದೆ. ಅದೇ ದುಡ್ಡಿಗೆ ಸಣ್ಣದಾದರೂ ಹಿತ್ತಾಳೆ ದೀಪ ತನ್ನಿ. ಜೇಬಿನಲ್ಲೊಂದು ಅಯಸ್ಕಾಂತವಿರಲಿ, ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ಮೈಸೂರಿನ ಬೀಟೆ ಮರದ ಇನ್ಲೇ ಚಿತ್ರವಾದರೆ ಬೆಳಕಿಗೆ ಹಿಡಿಯಿರಿ. ಅಸಲಿಯಲ್ಲಿ ಬಣ್ಣಬಣ್ಣದ ಮರದ ತುಂಡುಗಳನ್ನು ಕೊರೆದು ಕೂರಿಸಿರುತ್ತಾರೆ, ಒಂದೊಂದು ತುಂಡಿನ ಎಳೆ ಒಂದೊಂದು ಬಗೆ. ಮುದ್ರಿಸಿ ಅಂಟಿಸಿದ್ದರಲ್ಲಿ ಆ ಎಳೆ ಕಾಣದು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ರೇಷ್ಮೆ ಕೊಡುವಷ್ಟು ಹತ್ತಿರದವರಾದರೆ, ಸೀರೆಯ ಮೇಲಿನ ಸಂಖ್ಯೆ, ಹಾಲೊಗ್ರಾಮ್ ಎರಡನ್ನೂ ನೋಡದೆ ಬಿಲ್ ಮಾಡಿಸಬೇಡಿ.

ಬೆಲೆಯ ಚೀಟಿ ಕೀಳಿ. ಮಿನುಗುವ ಕಾಗದ ಬೇಡ, ಬಟ್ಟೆ ಚೀಲ ಸಾಕು.

ಗೃಹಪ್ರವೇಶದ ದಿನ ಮಾತ್ರ ಕೊಡಬೇಡಿ. ಹೋಮದ ಹೊಗೆ, ಊಟದ ಗಲಾಟೆಯಲ್ಲಿ ಯಾರದ್ದು ಯಾವುದೆಂದೇ ಗೊತ್ತಾಗದು. ಅಂದು ಊಟ ಮಾಡಿ, ತಾಂಬೂಲ ತಗೊಂಡು ಬನ್ನಿ. ವಾರ ಕಳೆದು, ಸಾಮಾನೆಲ್ಲ ಜೋಡಿಸಿ ಅವರು ಉಸಿರು ಬಿಟ್ಟ ಮೇಲೆ ಹೋಗಿ. ನಾನು ಹೋದದ್ದು ಒಂಬತ್ತನೇ ದಿನ. ಚಿಕ್ಕಮ್ಮನೂ ನಾನೂ ಸೇರಿ ಕುಂಡವನ್ನು ಬೆಳಗಿನ ಬಿಸಿಲು ಬೀಳುವ ಮೆಟ್ಟಿಲ ಪಕ್ಕ ಇಟ್ಟೆವು.