ಚಾಂಪಿಯನ್ಸ್ ಕಪ್ ರಗ್ಬಿಗೆ ದುಡ್ಡು ಕಟ್ಟೋ ಮುಂಚೆ ಆಟಗಾರರ ಪಟ್ಟಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಬ್ರಿಟನ್‌ನಲ್ಲೋ ಐರ್ಲೆಂಡ್‌ನಲ್ಲೋ ಇರುವ, ಹದಿನೆಂಟು ದಾಟಿದ ನಮ್ಮವರಿಗೆ ಬರೆದದ್ದು. ಇಲ್ಲಿ ಬೆಟ್ಟಿಂಗ್‌ಗೆ ಕಾನೂನಿನ ಅನುಮತಿ ಇದೆ, ಪೇಟೆ ಬೀದಿಯಲ್ಲಿ ಬೇಕರಿ ಪಕ್ಕದಲ್ಲೇ ಬೆಟ್ಟಿಂಗ್ ಅಂಗಡಿ ಇರುತ್ತದೆ. ಊರಲ್ಲಿ ಕೂತು ಓದುವವರು ಇದನ್ನು ಆಟ ಅರ್ಥ ಮಾಡಿಕೊಳ್ಳೋಕೆ ಬಳಸಿ, ದುಡ್ಡು ಕಟ್ಟೋಕೆ ಬೇಡ. ಕರ್ನಾಟಕದಲ್ಲಿ ಕುದುರೆ ರೇಸ್ ಒಂದು ಬಿಟ್ಟರೆ ಪಂದ್ಯದ ಮೇಲೆ ಬೆಟ್ ಕಟ್ಟುವುದು ಪೊಲೀಸ್ ಕಾಯ್ದೆಯಲ್ಲಿ ಅಪರಾಧ. ಅದರ ಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಪಾಸು ಮಾಡಿದೆ. ವಾಟ್ಸಾಪ್‌ನಲ್ಲಿ "ಸರ್, ಐಡಿ ಬೇಕಾ" ಅಂತ ಮೆಸೇಜ್ ಹಾಕುವವರನ್ನು ಸುಮ್ನೆ ಬ್ಲಾಕ್ ಮಾಡಿ.

ನಾನಿರೋದು ಡಬ್ಲಿನ್‌ನಲ್ಲಿ. ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದೆ ಬಂದವನು, ಆಫೀಸಿನವರ ಸಹವಾಸದಿಂದ ಇಲ್ಲಿನ ರಗ್ಬಿ ತಂಡ ಲೆನ್‌ಸ್ಟರ್‌ನ ಹುಚ್ಚು ಹತ್ತಿಸಿಕೊಂಡೆ. (ಲೆನ್‌ಸ್ಟರ್ ಬೇರೆ, ಇಂಗ್ಲೆಂಡ್‌ನ ಲೆಸ್ಟರ್ ಬೇರೆ. ನಗಬೇಡಿ, ಅವಸರದಲ್ಲಿ ಆ್ಯಪ್‌ನಲ್ಲಿ ತಪ್ಪು ತಂಡ ಒತ್ತಿದವನು ನಾನೊಬ್ಬನೇ ಅಲ್ಲ.) ಇಷ್ಟು ವರ್ಷ ಸಣ್ಣ ಸಣ್ಣ ಮೊತ್ತ ಕಟ್ಟಿ, ಜಾಸ್ತಿ ಸಲ ಸೋತು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಟೂರ್ನಿ ಹೇಗಿದೆ ಅಂತ ಬೇಗ ಮುಗಿಸೋಣ. ಯುರೋಪಿನ ರಗ್ಬಿ ಕ್ಲಬ್‌ಗಳ ಈ ಕಪ್ 1995ರಲ್ಲಿ ಹೈನೆಕೆನ್ ಕಪ್ ಅಂತ ಶುರುವಾಯಿತು, 2014ರಿಂದ ಚಾಂಪಿಯನ್ಸ್ ಕಪ್. ಒಟ್ಟು 24 ತಂಡ. ಇಂಗ್ಲೆಂಡ್‌ನ ಪ್ರೀಮಿಯರ್‌ಶಿಪ್, ಫ್ರಾನ್ಸ್‌ನ ಟಾಪ್ 14, ಮತ್ತೆ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ, ದಕ್ಷಿಣ ಆಫ್ರಿಕಾ ಸೇರಿ ಆಡುವ ಯುಆರ್‌ಸಿ (ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್), ಈ ಮೂರು ಲೀಗ್‌ಗಳಿಂದ ಬರುತ್ತವೆ. ಆರು ತಂಡಗಳ ನಾಲ್ಕು ಗುಂಪು. ಡಿಸೆಂಬರ್, ಜನವರಿಯಲ್ಲಿ ಪ್ರತಿ ತಂಡಕ್ಕೂ ನಾಲ್ಕೇ ಪಂದ್ಯ, ಎರಡು ತವರಲ್ಲಿ, ಎರಡು ಹೊರಗೆ. ಗುಂಪಿನಲ್ಲಿ ಆರರಲ್ಲಿ ನಾಲ್ಕು ತಂಡ ಮುಂದೆ ಹೋಗುತ್ತವೆ. ಏಪ್ರಿಲ್‌ನಲ್ಲಿ ನಾಕೌಟ್, ಮೇ ಕೊನೆಗೆ ಫೈನಲ್.

ಆರರಲ್ಲಿ ನಾಲ್ಕು ಅಂದೆನಲ್ಲ, ಅದನ್ನು ನೆನಪಿಡಿ. ಎರಡು ಪಂದ್ಯ ಗೆದ್ದರೆ ಹೆಚ್ಚುಕಮ್ಮಿ ಪಾಸು. ಹಾಗಾಗಿ ದೂರದ ಊರಿನ ಪಂದ್ಯಕ್ಕೆ ಕ್ಲಬ್‌ಗಳು ಎರಡನೇ ಸಾಲಿನ ಹುಡುಗರನ್ನು ಕಳಿಸಿ, ಮುಖ್ಯ ಆಟಗಾರರನ್ನು ಮನೆಯಲ್ಲಿ ಮಲಗಿಸುವುದು ಇಲ್ಲಿ ಮಾಮೂಲು. ಫ್ರೆಂಚರಿಗಂತೂ ಸ್ವಂತ ಲೀಗ್ ಅಂದರೆ ಪ್ರಾಣ. ಜೆರ್ಸಿ ಅದೇ, ಹೆಸರೂ ಅದೇ, ಒಳಗಿರುವ ಹದಿನೈದು ಜನ ಮಾತ್ರ ಬೇರೆ.

ನಾಕೌಟ್‌ನಲ್ಲೂ ಹೀಗಾಗುತ್ತದೆ. 2024ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಬುಲ್ಸ್ ತವರಲ್ಲಿ ಫ್ರಾನ್ಸ್‌ನ ಲಿಯೋನ್ ತಂಡಕ್ಕೆ 59 ಅಂಕ ಬಾರಿಸಿತು. ಒಂದೇ ವಾರದಲ್ಲಿ ಇಂಗ್ಲೆಂಡ್‌ನ ನಾರ್ಥಾಂಪ್ಟನ್‌ನಲ್ಲಿ ಕ್ವಾರ್ಟರ್ ಫೈನಲ್. ಅಷ್ಟು ದೂರದ ಪ್ರಯಾಣ, ಮುಂದೆ ಸ್ವಂತ ಲೀಗ್ ಬೇರೆ ಕಾದಿದೆ, ಅದಕ್ಕೆ ಮುಖ್ಯ ಆಟಗಾರರಲ್ಲಿ ಬಹಳ ಜನರನ್ನು ಊರಲ್ಲೇ ಬಿಟ್ಟು ಬಂದರು. 59-22ಕ್ಕೆ ಸೋತರು. ಹಿಂದಿನ ವಾರದ ಸ್ಕೋರ್ ನೋಡಿ ಬುಲ್ಸ್ ಮೇಲೆ ಕಟ್ಟಿದವರ ದುಡ್ಡು ಆಟಗಾರರ ಪಟ್ಟಿ ಬಂದ ದಿನವೇ ಹೋಗಿತ್ತು.

ಆದ್ದರಿಂದ ನನ್ನ ಒಂದೇ ಕಟ್ಟುನಿಟ್ಟಿನ ನಿಯಮ: 23 ಜನರ ಪಟ್ಟಿ ಬರುವ ತನಕ ಒಂದು ಪೈಸೆಯನ್ನೂ ಕಟ್ಟಲ್ಲ. ಸಾಮಾನ್ಯವಾಗಿ ಪಂದ್ಯಕ್ಕೆ ಒಂದೆರಡು ದಿನ ಮುಂಚೆ ಕ್ಲಬ್‌ಗಳೇ ಹಾಕುತ್ತವೆ. ಮೊದಲು 9 ಮತ್ತು 10ನೇ ನಂಬರ್ ನೋಡಿ. ಚೆಂಡು ಯಾವ ಕಡೆ ಹೋಗಬೇಕು, ಒದೆಯಬೇಕಾ ಓಡಬೇಕಾ ಅಂತ ತೀರ್ಮಾನ ಮಾಡುವವರು ಇವರೇ. ಫ್ರಾನ್ಸ್‌ನ ಟೂಲೂಸ್ ಕ್ಲಬ್ಬಿನ ಆಂತ್ವಾನ್ ದ್ಯುಪೋಂ 9ನೇ ನಂಬರ್. 2025ರ ಮಾರ್ಚ್‌ನಲ್ಲಿ ಇದೇ ಡಬ್ಲಿನ್‌ನಲ್ಲಿ ಫ್ರಾನ್ಸ್‌ಗೆ ಆಡುವಾಗ ಅವರ ಮಂಡಿ ಹೋಯಿತು. ಆ ಜನವರಿಯಲ್ಲಿ ಲೆಸ್ಟರ್ ಊರಿಗೇ ಹೋಗಿ 80-12ಕ್ಕೆ ಬಡಿದು ಬಂದಿದ್ದ ಟೂಲೂಸ್, ಮೇ ತಿಂಗಳ ಸೆಮಿಫೈನಲ್‌ನಲ್ಲಿ ಅವರಿಲ್ಲದೆ ಬೋರ್ಡೋ ಎದುರು 35-18ಕ್ಕೆ ಸೋತಿತು. ಒಬ್ಬನಿಂದಲೇ ಸೋತರು ಅಂತ ಹೇಳ್ತಿಲ್ಲ, ಬೋರ್ಡೋ ಆ ವರ್ಷ ಬೆಂಕಿ ತರ ಆಡುತ್ತಿತ್ತು, ಕಪ್ಪನ್ನೂ ಗೆದ್ದಿತು. ಆದರೂ 9ನೇ ನಂಬರ್ ನೋಡದೆ ದುಡ್ಡು ಕಟ್ಟುವುದು ಓಪನರ್ ಯಾರು ಅಂತ ಗೊತ್ತಿಲ್ಲದೆ ಪವರ್‌ಪ್ಲೇ ಸ್ಕೋರ್ ಹೇಳಿದ ಹಾಗೆ.

ಆಮೇಲೆ 1, 2, 3ನೇ ನಂಬರಿನ ಮುಂಸಾಲಿನವರು, ಅವರ ಬದಲಿಗೆ ಬೆಂಚ್‌ನಲ್ಲಿ ಕೂತವರು. ರಗ್ಬಿಯಲ್ಲಿ ಎಂಟು ಬದಲಿ ಆಟಗಾರರಿರುತ್ತಾರೆ, ಕೊನೆಯ ಇಪ್ಪತ್ತು ನಿಮಿಷ ನಡೆಯುವುದು ಅವರ ಕೈಯಲ್ಲೇ. ಹದಿನೆಂಟು, ಹತ್ತೊಂಬತ್ತರ ಹುಡುಗರೇ ಬೆಂಚ್ ತುಂಬಾ ಕೂತಿದ್ದರೆ 60ನೇ ನಿಮಿಷದ ಮೇಲೆ ಗೋಡೆ ಕುಸಿಯುತ್ತದೆ.

ಈಗ ಆಡ್ಸ್, ಅಂದರೆ ಬುಕ್ಕಿ ಕೊಡುವ ದರ. 1.30 ಅಂದರೆ 10 ಯೂರೋ ಕಟ್ಟಿ ಗೆದ್ದರೆ ಒಟ್ಟು 13 ವಾಪಸ್, ಲಾಭ ಮೂರು. ಅಂಗಡಿಯಲ್ಲಿ ಹಳೇ ಪದ್ಧತಿಯ 10/11 ತರದ ಭಿನ್ನರಾಶಿ ಇರುತ್ತದೆ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ ಒಂದು ಸೇರಿಸಿದರೆ 1.91 ಬರುತ್ತದೆ, ಅಷ್ಟೇ. ಮುಖ್ಯ ಲೆಕ್ಕ ಬೇರೆ ಇದೆ. ನೂರನ್ನು ಆಡ್ಸ್‌ನಿಂದ ಭಾಗಿಸಿ. ಉದಾಹರಣೆಗೆ ತವರು ತಂಡಕ್ಕೆ 1.30, ಡ್ರಾಗೆ 21, ಎದುರಾಳಿಗೆ 3.80 ಇದೆ ಅಂದುಕೊಳ್ಳಿ. ಸುಮಾರು 77, 5, 26. ಕೂಡಿಸಿದರೆ 108. ನೂರಾಗಬೇಕಿತ್ತು ಅಲ್ವಾ? ಆ ಜಾಸ್ತಿ ಎಂಟೇ ಬುಕ್ಕಿಯ ಸಂಬಳ. ನಿಮಗೆ ರಗ್ಬಿ ಬುಕ್ಕಿಯಷ್ಟೇ ಗೊತ್ತಿದ್ದರೆ ನಿಧಾನವಾಗಿ ಸೋಲುತ್ತೀರಿ, ಅವರಿಗಿಂತ ಜಾಸ್ತಿ ಗೊತ್ತಿದ್ದರೆ ಮಾತ್ರ ಏನೋ ಒಂದು ಆಸೆ. ನನಗೆ ಅಷ್ಟು ಗೊತ್ತಿಲ್ಲ, ಅದಕ್ಕೇ ನನ್ನ ಬೆಟ್ ಹತ್ತು ಯೂರೋ ದಾಟಲ್ಲ.

ಬಲಿಷ್ಠ ತಂಡ ಗೆಲ್ಲುತ್ತೆ ಅಂತ 1.05ಕ್ಕೆ ಕಟ್ಟಿ ಏನು ಸಿಗುತ್ತೆ, ಚಹಾ ಕಾಸೂ ಇಲ್ಲ. ಅದಕ್ಕೇ ಹ್ಯಾಂಡಿಕ್ಯಾಪ್ ಇರುವುದು. ಲೆನ್‌ಸ್ಟರ್ ಮೈನಸ್ 14.5 ಅಂದರೆ ಅವರು 15 ಅಥವಾ ಅದಕ್ಕಿಂತ ಹೆಚ್ಚು ಅಂಕದಿಂದ ಗೆದ್ದರೆ ಮಾತ್ರ ನಿಮ್ಮ ಬೆಟ್ ಗೆದ್ದಂತೆ. ಎರಡೂ ಕಡೆ ಸಾಮಾನ್ಯವಾಗಿ 1.91ರ ಆಸುಪಾಸು. ಈ ದರದಲ್ಲಿ ನೂರು ಬೆಟ್‌ಗೆ 53 ಗೆದ್ದರೆ ಮಾತ್ರ ಕೈಗೆ ಚೂರು ಲಾಭ, 52 ಗೆದ್ದರೂ ನಷ್ಟ.

ಹ್ಯಾಂಡಿಕ್ಯಾಪ್ ಕಟ್ಟುವವರಿಗೆ ಅಂಕ ಬರುವ ರೀತಿ ಬಾಯಿಪಾಠ ಇರಬೇಕು. ಟ್ರೈಗೆ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತುವುದು) 5, ಅದರ ಮೇಲಿನ ಕನ್ವರ್ಷನ್ ಒದೆತಕ್ಕೆ 2, ಪೆನಾಲ್ಟಿಗೂ ಡ್ರಾಪ್ ಗೋಲಿಗೂ 3. ಹಾಗಾಗಿ ಅಂತರ 3, 5, 7, 10 ಇಂಥ ಸಂಖ್ಯೆಗಳ ಸುತ್ತ ನಿಲ್ಲುವುದು ಜಾಸ್ತಿ. 6.5ಕ್ಕೂ 7.5ಕ್ಕೂ ಒಂದೇ ಅಂಕದ ವ್ಯತ್ಯಾಸ ಅನ್ನಿಸಬಹುದು, ದುಡ್ಡಿನಲ್ಲಿ ಅದು ಬಹಳ ದೊಡ್ಡದು. ಇನ್ನೊಂದು ವಿಷಯ ನನಗೆ ಅರ್ಥವಾಗೋಕೆ ಎರಡು ಸೀಸನ್ ಬೇಕಾಯಿತು. ಗುಂಪು ಹಂತದಲ್ಲಿ ನಾಲ್ಕು ಟ್ರೈ ಹೊಡೆದರೆ ಒಂದು ಬೋನಸ್ ಪಾಯಿಂಟ್, ಏಳು ಅಥವಾ ಕಡಿಮೆ ಅಂತರದಲ್ಲಿ ಸೋತರೂ ಒಂದು. 79ನೇ ನಿಮಿಷ, ಒಂದು ತಂಡ ಹತ್ತು ಅಂಕ ಹಿಂದೆ, ಅವರಿಗೆ ಪೆನಾಲ್ಟಿ ಸಿಕ್ಕಿತು. ಗೆಲ್ಲೋಕಂತೂ ಆಗಲ್ಲ, ಆದರೂ ಕಂಬದ ಕಡೆ ಬೆರಳು ತೋರಿಸಿ ಮೂರು ಅಂಕ ಒದ್ದುಕೊಳ್ಳುತ್ತಾರೆ, ಯಾಕಂದರೆ ಅಂತರ ಏಳಕ್ಕೆ ಇಳಿದರೆ ಪಾಯಿಂಟ್ ಸಿಗುತ್ತದೆ. ಮೈದಾನದಲ್ಲಿ ಅದು ಸಣ್ಣ ಸಮಾಧಾನ. ಮೈನಸ್ 7.5 ಕಟ್ಟಿದವನಿಗೆ ಮಣ್ಣು. ಇನ್ನೊಂದು ಕಡೆ, ಮೂರು ಟ್ರೈ ಹೊಡೆದು ಮುಂದಿರುವ ತಂಡ ಸುಲಭದ ಮೂರು ಅಂಕ ಬಿಟ್ಟು ನಾಲ್ಕನೇ ಟ್ರೈಗಾಗಿ ಚೆಂಡನ್ನು ಮೂಲೆಗೆ ಒದೆಯುತ್ತದೆ. ನಾಕೌಟ್‌ನಲ್ಲಿ ಈ ಬೋನಸ್ ಇಲ್ಲ, ಅಲ್ಲಿ ಆಟದ ಬುದ್ಧಿಯೇ ಬೇರೆ.

ಒಟ್ಟು ಅಂಕದ ಬೆಟ್‌ಗೆ ಹವಾಮಾನ ನೋಡಿ, ಅದರಲ್ಲೂ ಗಾಳಿ. ಮಳೆ ಬಂದರೂ ಆಡಬಹುದು, ಡಿಸೆಂಬರಿನ ಗಾಳಿಗೆ ಚೆಂಡು ಒದೆಯೋದೇ ಕಷ್ಟ. 2018ರ ಬಿಲ್ಬಾವ್ ಫೈನಲ್‌ನಲ್ಲಿ ಲೆನ್‌ಸ್ಟರ್ ಪ್ಯಾರಿಸ್‌ನ ರೇಸಿಂಗ್ 92 ತಂಡವನ್ನು 15-12ಕ್ಕೆ ಸೋಲಿಸಿತು, ಒಂದೇ ಒಂದು ಟ್ರೈ ಇಲ್ಲ, ಬರೀ ಒದೆತ. ದೊಡ್ಡ ಪಂದ್ಯ ಅಂದರೆ ಹೆದರಿಕೆಯಲ್ಲಿ ಹಿಡಿದು ಆಡುತ್ತಾರೆ ಅನ್ನೋದೂ ಇದೆ.

ಟ್ರೈ ಯಾರು ಹೊಡೀತಾರೆ ಅನ್ನುವ ಬೆಟ್ ಮಜಾ ಕೊಡುತ್ತದೆ. ಎಲ್ಲರೂ ವಿಂಗ್‌ನ ಓಟಗಾರರ ಮೇಲೆ ಕಟ್ಟುತ್ತಾರೆ. 2024-25ರಲ್ಲಿ ಬೋರ್ಡೋದ ದಾಮಿಯಾಂ ಪೆನೋ 14 ಟ್ರೈ ಹೊಡೆದು ಒಂದು ಸೀಸನ್ನಿನ ದಾಖಲೆ ಮಾಡಿದ ಮೇಲೆ ಅಂಥವರ ಆಡ್ಸ್ ಒಣಗಿಹೋಗಿದೆ. ನಾನು 2ನೇ ನಂಬರಿನ ಹುಕರ್, ಅಂದರೆ ಮುಂಸಾಲಿನ ನಡುವಿನವನ ಕಡೆ ನೋಡುತ್ತೇನೆ. ಮೂಲೆಯ ಲೈನ್‌ಔಟ್‌ನಲ್ಲಿ (ಹೊರಗೆ ಹೋದ ಚೆಂಡನ್ನು ಅಂಚಿನಿಂದ ಒಳಗೆ ಎಸೆಯುವುದು) ಅವನ ತಂಡದವರು ಚೆಂಡು ಹಿಡಿದು, ಎಲ್ಲರೂ ಗುಂಪುಕಟ್ಟಿ ದಬ್ಬುತ್ತಾ ಹೋಗುವಾಗ ಆ ಗುಂಪಿನ ಹಿಂದೆ ಚೆಂಡು ಇಟ್ಟುಕೊಂಡು ಬೀಳುವವನು ಸಾಮಾನ್ಯವಾಗಿ ಅವನೇ.

ನಾಲ್ಕೈದು ಪಂದ್ಯ ಸೇರಿಸಿ ಕಟ್ಟುವ ಅಕ್ಯುಮುಲೇಟರ್ ಬೇಡವೇ ಬೇಡ. 1.25ರ ನಾಲ್ಕು ತಂಡ ಸೇರಿಸಿದರೆ 2.44 ಆಗುತ್ತದೆ, ನೋಡೋಕೆ ಚೆನ್ನಾಗಿದೆ. ಒಂದೊಂದಕ್ಕೂ ನಿಜವಾದ ಗೆಲ್ಲುವ ಸಾಧ್ಯತೆ ನೂರಕ್ಕೆ 76 ಅಂದುಕೊಂಡರೆ ನಾಲ್ಕೂ ಒಟ್ಟಿಗೆ ಗೆಲ್ಲುವುದು 33 ಮಾತ್ರ, ಅದಕ್ಕೆ 3.00 ಕೊಡಬೇಕಿತ್ತು. ಬಿಡಿಯಾಗಿ ಕಟ್ಟಿದರೆ ನೂರಕ್ಕೆ ಐದು ಹೋಗುವ ಜಾಗದಲ್ಲಿ ಹತ್ತೊಂಬತ್ತು ಹೋಗುತ್ತದೆ.

ಕಪ್ ಯಾರಿಗೆ ಅಂತ ಸೀಸನ್ ಮುಂಚೆ ಕಟ್ಟುವುದಾದರೆ ಮನಸ್ಸಿನ ತಂಡವನ್ನು ಪಕ್ಕಕ್ಕಿಡಿ. ಲೆನ್‌ಸ್ಟರ್ 2019, 2022, 2023, 2024, ನಾಲ್ಕು ಫೈನಲ್ ಸೋತಿದೆ. 2023ರಲ್ಲಿ ಇದೇ ಊರಲ್ಲಿ ಹನ್ನೆರಡು ನಿಮಿಷಕ್ಕೆ 17-0 ಮುಂದಿದ್ದರು, ಲಾ ರೊಶೆಲ್ 27-26ಕ್ಕೆ ಗೆದ್ದುಕೊಂಡು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2025ರಲ್ಲಿ ಹಾರ್ಲೆಕ್ವಿನ್ಸ್‌ಗೆ 62-0, ಗ್ಲಾಸ್ಗೋಗೆ 52-0 ಹಾಕಿ ಸೆಮಿಫೈನಲ್‌ಗೆ ಬಂದರು. ಇನ್ನೇನು ಕಪ್ ನಮ್ಮದೇ ಅಂತ ನಾನು ಆ ಸಲ ಹತ್ತರ ನಿಯಮ ಮುರಿದು ಐವತ್ತು ಕಟ್ಟಿದೆ. ನಾರ್ಥಾಂಪ್ಟನ್ ಡಬ್ಲಿನ್‌ಗೇ ಬಂದು 37-34ಕ್ಕೆ ಗೆದ್ದಿತು. ಫೈನಲ್ ತಲುಪಿದರೂ ಸ್ವಲ್ಪ ವಾಪಸ್ ಬರುವ ಈಚ್ ವೇ ಬೆಟ್ ಅಂತ ಒಂದಿದೆ, ಅರ್ಧ ದುಡ್ಡು ಕಪ್ ಮೇಲೆ, ಅರ್ಧ ಫೈನಲ್ ತಲುಪುವುದರ ಮೇಲೆ. ಯಾವಾಗಲೂ ಫೈನಲ್‌ನಲ್ಲಿ ಎಡವುವ ತಂಡಕ್ಕೆ ಅದೇ ವಾಸಿ.

ಪಂದ್ಯ ನಡೆಯುವಾಗ ಫೋನಿನಲ್ಲಿ ಕಟ್ಟಬೇಡಿ. ನೀವು ನೋಡುವ ಸ್ಟ್ರೀಮಿಂಗ್ ಮೈದಾನಕ್ಕಿಂತ ಎಷ್ಟೋ ಸೆಕೆಂಡ್ ಹಿಂದೆ ಇರುತ್ತದೆ, ಹಳದಿ ಕಾರ್ಡ್ ನಿಮಗೆ ಕಾಣುವ ಮುಂಚೆ ಆಡ್ಸ್ ಬದಲಾಗಿರುತ್ತದೆ. ಪಂದ್ಯ ಮುಗಿಯುವ ಮುಂಚೆಯೇ ಬೆಟ್ ಮುಚ್ಚಿ ದುಡ್ಡು ತೆಗೆಯುವ ಕ್ಯಾಶ್ ಔಟ್ ಬಟನ್ ಒತ್ತಿದರೆ ಬುಕ್ಕಿಗೆ ಎರಡನೇ ಸಲ ಕಮಿಷನ್ ಕೊಟ್ಟಂತೆ.

ಸೀಸನ್‌ಗೆ ಇಷ್ಟು ಅಂತ ಬೇರೆ ತೆಗೆದಿಟ್ಟು, ಆ್ಯಪ್‌ನಲ್ಲಿ ಡೆಪಾಸಿಟ್ ಮಿತಿ ಮೊದಲ ದಿನವೇ ಹಾಕಿ. ಊರಿಗೆ ಕಳಿಸುವ ದುಡ್ಡು, ಬಾಡಿಗೆ ದುಡ್ಡು ಇದಕ್ಕೆ ಮುಟ್ಟಬಾರದು. ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಬೆಟ್ ಕಟ್ಟುವ ಹಾಗಿಲ್ಲ, ಒಳ್ಳೆಯದಾಯಿತು. ಹೆಂಡತಿಗೋ ಗಂಡನಿಗೋ ಗೊತ್ತಾಗದ ಹಾಗೆ ಕಟ್ಟುತ್ತಿದ್ದೀರಿ ಅಂದರೆ ಅಲ್ಲಿಗೇ ನಿಲ್ಲಿಸಿ. ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಕೊಟ್ಟರೆ ಅಲ್ಲಿನ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಬುಕ್ಕಿಗಳೂ ನಿಮ್ಮ ಖಾತೆ ಮುಚ್ಚುತ್ತಾರೆ.

ಕೊನೆಗೆ, ಚೀಟಿಯ ಸಣ್ಣ ಅಕ್ಷರ. ಪಂದ್ಯದ ಮೇಲಿನ ಮಾಮೂಲಿ ಬೆಟ್ 80 ನಿಮಿಷಕ್ಕೆ ಮುಗಿಯುತ್ತದೆ, ಹೆಚ್ಚುವರಿ ಸಮಯ ಲೆಕ್ಕಕ್ಕಿಲ್ಲ. ಕಪ್ ಎತ್ತುವವರ ಮೇಲಿನ ಬೆಟ್ ಬೇರೆಯೇ ಇರುತ್ತದೆ. 2024ರ ಲಂಡನ್ ಫೈನಲ್‌ನಲ್ಲಿ ಲೆನ್‌ಸ್ಟರ್, ಟೂಲೂಸ್ 80 ನಿಮಿಷಕ್ಕೆ 15-15, ಆಮೇಲೆ ಹೆಚ್ಚುವರಿ ಸಮಯದಲ್ಲಿ ಟೂಲೂಸ್ 31-22ಕ್ಕೆ ಗೆದ್ದಿತು. ನನ್ನ ಸ್ನೇಹಿತನೊಬ್ಬ, ದಾವಣಗೆರೆಯವನು, ನಮ್ಮೆಲ್ಲರ ಎದುರು ಹೋಗಿ ಟೂಲೂಸ್ ಮೇಲೆ ಕಟ್ಟಿದ್ದ. ರಾತ್ರಿಯೆಲ್ಲ ನಮ್ಮನ್ನು ಆಡಿಕೊಂಡು ನಕ್ಕ. ಸೋಮವಾರ ಅಂಗಡಿಗೆ ದುಡ್ಡು ಇಸಕೊಳ್ಳೋಕೆ ಹೋದ, ನಾನೂ ಜೊತೆಗಿದ್ದೆ. ಕೌಂಟರ್‌ನ ಹುಡುಗಿ ಚೀಟಿ ನೋಡಿ, ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಅವನ ಕಡೆ ಸರಿಸಿದಳು. ಆ ದಿನ ಗೆದ್ದದ್ದು ಡ್ರಾ.